ಮೈಸೂರಿಗೆ ಹೊರಟಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿದೆ. ಸೆಕೆಂಡ್ ಪಿಯುಸಿ ಮುಗಿಯಿತು, ಮನೆಯಲ್ಲಿ ಸುಮ್ನೆ ಕೂರಲು ಆಗುತ್ತಿಲ್ಲ, ನಾನೂ ನಿನ್ನ ಹಾಗೆ ಮೈಸೂರಿಗೆ ಬಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಕೆಲಸ ಮಾಡಲಾ ಅಂತ ಕೇಳಿದ್ದೀಯ. ಬಾ ಅಂತಲೇ ಹೇಳುತ್ತೇನೆ. ಆದರೆ ಏನು ಕೆಲಸ, ಅದರಿಂದ ಏನು ಸಿಗುತ್ತದೆ, ಏನು ಕೈಬಿಟ್ಟು ಹೋಗುತ್ತದೆ ಅನ್ನುವುದು ನಿನಗೆ ಮೊದಲೇ ಗೊತ್ತಿರಬೇಕು. ಫೋನಿನಲ್ಲಿ ಮಾತಾಡಿದರೆ ಅರ್ಧ ಮರೆತುಹೋಗುತ್ತದೆ. ಹಾಸನದ ಸಾಲಗಾಮೆ ಕಡೆಯ ಇನ್ನೂ ಕೆಲವು ಹುಡುಗರು ಇದನ್ನೇ ಕೇಳಿದ್ದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರನ್ನೂ ಪಾರ್ಕಿನ ಹೆಸರನ್ನೂ ಬಿಟ್ಟಿದ್ದೇನೆ.

ನೀನು ಯಾಕೆ ಹೊರಟಿದ್ದೀಯ ಅಂತ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಿಬ್ಬರ ಮನೆಯ ಕಥೆ ಒಂದೇ. ಎಪಿಎಂಸಿಯಲ್ಲಿ ಸಾಲು ನಿಂತು ಜಲಂಧರದ ಬಿತ್ತನೆ ಆಲೂಗಡ್ಡೆ ತರುವುದು, ಮುಂಗಾರು ನೋಡಿಕೊಂಡು ಹಾಕುವುದು, ಆಮೇಲೆ ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ರೋಗ ಬಂತಾ ಅಂತ ದಿನಾ ಎಲೆ ತಿರುಗಿಸಿ ನೋಡುವುದು. ಬಂದರೆ ಔಷಧಿ ಹೊಡೆಯುವಷ್ಟರಲ್ಲಿ ಹೊಲ ಹೋಗಿರುತ್ತದೆ. ನಿಮ್ಮಪ್ಪ ಈಗ ಮುಸುಕಿನ ಜೋಳಕ್ಕೆ ತಿರುಗಿದ್ದಾರೆ, ನಮ್ಮಪ್ಪ ಶುಂಠಿ ಹಾಕಿ ನೋಡುತ್ತಿದ್ದಾರೆ. ಮನೆಯಲ್ಲಿ ಒಬ್ಬರಿಗಾದರೂ ತಿಂಗಳ ಸಂಬಳ ಬರಲಿ ಅಂತ ಅನ್ನಿಸುವುದು ಸಹಜ. ಅದಕ್ಕೆ ಯಾರೂ ನಿನ್ನನ್ನು ಬೈಯಬಾರದು.

ನಿಮ್ಮಮ್ಮ ಕೇಳಿದ ಪ್ರಶ್ನೆಯೂ ಸರಿಯೇ. ಬೇಲೂರು, ಹಳೇಬೀಡಿಗೆ ಇಷ್ಟು ಜನ ಬರುತ್ತಾರಲ್ಲ, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತಲ್ಲ, ಇಲ್ಲೇ ಏನಾದರೂ ಮಾಡಬಾರದಾ ಅಂತ. ಮಾಡಬಹುದು. ಸಕಲೇಶಪುರದ ಕಡೆ ಹೋಂಸ್ಟೇಗಳಲ್ಲಿ ನಮ್ಮ ಹುಡುಗರು ಅಡುಗೆ, ರೂಮಿನ ಕೆಲಸ ಕಲಿತು ಚೆನ್ನಾಗಿಯೇ ಇದ್ದಾರೆ. ಆದರೆ ನಿನ್ನ ಕೈ ಆ ಕೆಲಸದ್ದಲ್ಲ. ಬೋರ್‌ವೆಲ್ ಮೋಟಾರ್ ಸುಟ್ಟಾಗ ಬಿಚ್ಚಿ ಹರಡಿಕೊಂಡು ಕೂತವನು ನೀನು. ಟಿಲ್ಲರ್ ಸ್ಟಾರ್ಟ್ ಆಗದಿದ್ದರೆ ಅಕ್ಕಪಕ್ಕದ ಹೊಲದವರು ನಿನ್ನನ್ನೇ ಕರೆಯುತ್ತಾರೆ. ನೀನು ಮೈಸೂರಿಗೆ ಬರಲಿ ಅಂತ ನಾನು ಹೇಳುವುದು ಇದೊಂದೇ ಕಾರಣಕ್ಕೆ. ಪಾರ್ಕ್ ಅಂದರೆ ಹೊರಗಿನವರಿಗೆ ಬಣ್ಣ, ಹಾಡು, ಕಿರುಚಾಟ. ಒಳಗಿನವರಿಗೆ ಅದು ಮೋಟಾರು, ಚೈನು, ಬೇರಿಂಗು, ಏರ್ ಕಂಪ್ರೆಸರ್, ಸೆನ್ಸಾರ್.

ಬೆಳಗ್ಗೆ ಗೇಟ್ ತೆರೆಯುವುದಕ್ಕೆ ಬಹಳ ಮುಂಚೆಯೇ ನಮ್ಮ ದಿನ ಶುರುವಾಗುತ್ತದೆ. ಮೊದಲು ಮೇಂಟೆನೆನ್ಸ್‌ನವರು ಹಳಿ, ಚಕ್ರ, ಬೋಲ್ಟು ನೋಡುತ್ತಾರೆ. ಆಮೇಲೆ ಖಾಲಿ ಗಾಡಿಯನ್ನು ಓಡಿಸಿ ನೋಡುತ್ತೇವೆ. ಪಟ್ಟಿಯಲ್ಲಿ ಒಂದೊಂದಕ್ಕೂ ಟಿಕ್ ಹಾಕಿ ಸಹಿ ಮಾಡದೆ ರೈಡ್ ತೆರೆಯುವ ಹಾಗಿಲ್ಲ. ರೋಲರ್ ಕೋಸ್ಟರ್ ಮೇಲೇರುವಾಗ ಟಕ್ ಟಕ್ ಅಂತ ಶಬ್ದ ಬರುತ್ತದಲ್ಲ, ಅದನ್ನು ಕೇಳಿದಾಗ ಈಗ ನನಗೆ ಧೈರ್ಯ ಬರುತ್ತದೆ. ಚೈನ್ ತುಂಡಾದರೂ ಗಾಡಿ ಹಿಂದಕ್ಕೆ ಜಾರದ ಹಾಗೆ ಹಲ್ಲುಗಳಿಗೆ ಕೊಂಡಿ ಬಿದ್ದು ಹಿಡಿಯುವ ಶಬ್ದ ಅದು. ತುದಿ ತಲುಪಿದ ಮೇಲೆ ಗಾಡಿಗೆ ಯಾವ ಎಂಜಿನ್ನೂ ಇಲ್ಲ. ಪಿಯುಸಿಯಲ್ಲಿ ಓದಿದ ಪೊಟೆನ್ಷಿಯಲ್ ಎನರ್ಜಿ, ಕೈನೆಟಿಕ್ ಎನರ್ಜಿ ಅಷ್ಟೇ. ಉಜ್ಜಾಟದಲ್ಲಿ, ಗಾಳಿಯಲ್ಲಿ ಶಕ್ತಿ ಕಳೆಯುತ್ತಾ ಹೋಗುತ್ತದೆ. ಅದಕ್ಕೇ ಮೊದಲ ಏರು ಎಲ್ಲಕ್ಕಿಂತ ಎತ್ತರ, ಆಮೇಲಿನವು ತಗ್ಗು. ಎರಡು ಗಾಡಿ ಒಟ್ಟಿಗೆ ಓಡುವ ಕಡೆ ಹಳಿಯನ್ನು ಭಾಗ ಭಾಗ ಮಾಡಿರುತ್ತಾರೆ. ಮುಂದಿನ ಭಾಗ ಖಾಲಿ ಆಗಿದೆ ಅಂತ ಸೆನ್ಸಾರ್ ಹೇಳುವ ತನಕ ಹಿಂದಿನ ಗಾಡಿಯ ಬ್ರೇಕ್ ಬಿಡುವುದಿಲ್ಲ. ಇದನ್ನೆಲ್ಲ ನೀನು ನೋಡಿದರೆ ಊಟ ಮರೆತು ನಿಂತುಬಿಡುತ್ತೀಯ, ನನಗೆ ಗೊತ್ತು.

ಆದರೆ ಬಂದ ದಿನವೇ ನಿನ್ನ ಕೈಗೆ ಸ್ಪ್ಯಾನರ್ ಕೊಡುವುದಿಲ್ಲ ಕಣೋ. ಪಿಯುಸಿ ಮುಗಿಸಿ ಬಂದವರಿಗೆ ಮೊದಲು ಸಿಗುವುದು ಟಿಕೆಟ್ ನೋಡುವ ಕೆಲಸ, ಕ್ಯೂ ನಿಲ್ಲಿಸುವ ಕೆಲಸ, ಇಲ್ಲವೇ ರೈಡಿನಲ್ಲಿ ಸೇಫ್ಟಿ ಬಾರ್ ಹಾಕಿ ಎಳೆದು ನೋಡುವ ಕೆಲಸ. ಈಜು ಬಂದರೆ ವೇವ್ ಪೂಲ್‌ಗೆ, ಅಂದರೆ ಅಲೆ ಏಳುವ ಕೊಳಕ್ಕೆ ಹಾಕುತ್ತಾರೆ. ಅಲ್ಲಿ ನಿಂತವನು ತನ್ನ ಪಾಲಿನ ನೀರನ್ನೆಲ್ಲ 10 ಸೆಕೆಂಡಿನೊಳಗೆ ಕಣ್ಣಾಡಿಸಿ ನೋಡಬೇಕು, ತೊಂದರೆ ಕಂಡರೆ 20 ಸೆಕೆಂಡಿನೊಳಗೆ ಅಲ್ಲಿರಬೇಕು ಅಂತ ಹೇಳಿಕೊಡುತ್ತಾರೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ. ಉಸಿರಿಗೇ ಕಷ್ಟ ಇರುವಾಗ ಕೂಗು ಎಲ್ಲಿಂದ ಬರಬೇಕು? ಅವರು ಸದ್ದಿಲ್ಲದೆ ಒಳಗೆ ಹೋಗುತ್ತಾರೆ. ಅದಕ್ಕೇ ಅಲ್ಲಿ ಕಣ್ಣು ಬೇರೆ ಕಡೆ ಹೋಗುವ ಹಾಗೇ ಇಲ್ಲ.

ಈ ಕೆಲಸದಲ್ಲಿ ನಿನಗೆ ಜಾಸ್ತಿ ಕಷ್ಟ ಆಗುವುದು ಎಲ್ಲಿ ಅಂತ ಹೇಳುತ್ತೇನೆ. ನಮ್ಮ ರೈಡಿನ ಬಾಗಿಲಲ್ಲಿ ಎತ್ತರ ಅಳೆಯುವ ಪಟ್ಟಿ ಇದೆ. 140 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಬಿಡುವ ಹಾಗಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಹೊಳೆನರಸೀಪುರದ ಕಡೆಯ ಒಂದು ಕುಟುಂಬ ಬಂದಿತ್ತು. ಹುಡುಗನಿಗೆ ಒಂಬತ್ತೋ ಹತ್ತೋ ವರ್ಷ. ಬಿಸಿಲಲ್ಲಿ ತುಂಬಾ ಹೊತ್ತು ನಿಂತು ಕೊನೆಗೆ ಬಾಗಿಲಿಗೆ ಬಂದರು. ಪಟ್ಟಿಗೆ ಎರಡು ಬೆರಳು ಕಡಿಮೆ. ಅವರಪ್ಪ ನನ್ನ ಮಾತಿನ ಧಾಟಿ ಕೇಳಿಯೇ ಕಂಡುಹಿಡಿದರು. "ನಮ್ ಕಡೆಯವನೇ ಅಲ್ವೇನಪ್ಪಾ ನೀನು, ಒಂದ್ ಸಲ ಬಿಡು, ಮಗ ವರ್ಷದಿಂದ ಕೇಳ್ತಾ ಅವ್ನೆ" ಅಂದರು. ನಾನು ಬಿಡಲಿಲ್ಲ. ಮೊದಲು ಬೇಡಿಕೊಂಡರು, ಆಮೇಲೆ ಬೈದರು. ಹುಡುಗ ಅಳತೊಡಗಿದ. ಹಿಂದೆ ನಿಂತವರೂ ಸೇರಿಕೊಂಡು ಕೂಗಿದರು. ಸೂಪರ್‌ವೈಸರ್ ಬಂದು ನನ್ನ ಪಕ್ಕದಲ್ಲೇ ನಿಂತು, ನಮ್ಮ ಹುಡುಗ ಸರಿಯಾಗೇ ಹೇಳಿದ್ದಾನೆ ಅಂದರು. ಆ ಮಾತು ನನಗೆ ತುಂಬಾ ದೊಡ್ಡದು.

ಆ ಎರಡು ಬೆರಳು ಯಾಕೆ ಮುಖ್ಯ ಗೊತ್ತಾ? ಬಾರ್ ತೊಡೆಯ ಮೇಲೆ ಬಿಗಿಯಾಗಿ ಕೂತು ಮೈಯನ್ನು ಸೀಟಿನಲ್ಲಿ ಹಿಡಿದಿರಬೇಕು. ಇಬ್ಬರಿಗೂ ಒಂದೇ ಬಾರ್ ಇರುವ ಸೀಟಿನಲ್ಲಿ ಅದು ದಪ್ಪ ಇರುವವರ ತೊಡೆಗೆ ತಾಗಿ ನಿಂತುಬಿಡುತ್ತದೆ. ಪಕ್ಕದ ಮಗುವಿನ ಮೇಲೆ ಜಾಗ ಉಳಿಯುತ್ತದೆ. ಗಾಡಿ ತುದಿ ದಾಟಿ ಇಳಿಯುವಾಗ ಎಲ್ಲರ ಮೈಯೂ ಸೀಟಿನಿಂದ ಮೇಲೇಳುತ್ತದೆ. ಆ ಕ್ಷಣಕ್ಕೆ ಮಗುವನ್ನು ಹಿಡಿಯುವುದು ಅಪ್ಪನ ಕೈ ಅಲ್ಲ, ಆ ಬಾರ್ ಮಾತ್ರ. ಬೇಡ ಅನ್ನುವ ಧೈರ್ಯ ನಿನಗಿದ್ದರೆ ಮಾತ್ರ ರೈಡಿನ ಬಾಗಿಲಲ್ಲಿ ನಿಲ್ಲು. ಪರಿಚಯದವರು ಬಂದರೂ, ನೆಂಟರು ಬಂದರೂ, ನಮ್ಮ ಮೇಷ್ಟ್ರು ಬಂದರೂ ಅದೇ ಮಾತು.

ಹಾಗಂತ ಬರೀ ಬೈಗುಳವೇ ಅಲ್ಲ. ಒಬ್ಬರು ಅಜ್ಜಿ ಮೊಮ್ಮಕ್ಕಳ ಜೊತೆ ಜೈಂಟ್ ವ್ಹೀಲ್ ಹತ್ತಿದ್ದರು. ತೊಟ್ಟಿಲು ಮೇಲೆ ಹೋದಾಗ ದೂರದಲ್ಲಿ ಚಾಮುಂಡಿ ಬೆಟ್ಟ ಕಂಡಿತಂತೆ, ಅಲ್ಲೇ ಕೈ ಮುಗಿದರಂತೆ. ಇಳಿದ ಮೇಲೆ ನನ್ನ ಕೈ ಹಿಡಿದು ಇದನ್ನೆಲ್ಲ ಹೇಳಿ ಹೋದರು. ಅವತ್ತು ಕಾಲು ನೋವು ಗೊತ್ತಾಗಲಿಲ್ಲ.

ಇನ್ನು ರಜೆ ವಿಷಯ. ಇದನ್ನು ನೀನು ಎರಡು ಸಲ ಓದು. ಊರಿಗೆಲ್ಲ ರಜೆ ಇದ್ದ ದಿನ ನಮಗೆ ಜಾಸ್ತಿ ಕೆಲಸ. ಭಾನುವಾರ, ಬೇಸಿಗೆ ರಜೆ, ದಸರಾ, ದೀಪಾವಳಿ, ಡಿಸೆಂಬರಿನ ಶಾಲಾ ಪ್ರವಾಸ, ಯಾವಾಗಲೂ ಹೀಗೆಯೇ. ನೀನು ಹಾಸನಾಂಬೆ ದರ್ಶನ ತಪ್ಪಿಸಿದವನಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೇಲಿನ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಮುಗಿಯುವ ತನಕ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸರಿಯಾಗಿ ಅದೇ ದಿನಗಳಲ್ಲಿ ನಮಗೆ ಇಲ್ಲಿ ರಜೆ ಸಿಗುವುದಿಲ್ಲ. ಈ ಸಲ ಅಕ್ಕ ಮಗುವನ್ನು ಕರೆದುಕೊಂಡು ಹೋಗಿ ದರ್ಶನ ಮಾಡಿಸಿದಳು, ನಾನು ಫೋಟೋ ನೋಡಿದೆ. ತುಂಬಾ ಬೇಜಾರಾಯಿತು. ಈ ಬೇಜಾರು ಪ್ರತಿ ವರ್ಷ ಬರುತ್ತದೆ ಅಂತ ತಿಳಿದೇ ಬಾ.

ಹಾಸನಾಂಬೆ ಸಾಲಿನಲ್ಲಿ ನಿಂತ ಅನುಭವ ಇಲ್ಲಿ ನನಗೆ ಕೆಲಸಕ್ಕೆ ಬಂತು. ಅಲ್ಲಿ ಧರ್ಮದರ್ಶನದ ಸಾಲು ಬೇರೆ, 300 ರೂಪಾಯಿ, 1,000 ರೂಪಾಯಿ ಟಿಕೆಟಿನ ಸಾಲು ಬೇರೆ ಅಲ್ವಾ? ಪಾರ್ಕುಗಳಲ್ಲೂ ಜಾಸ್ತಿ ದುಡ್ಡು ಕೊಟ್ಟು ಬೇಗ ಹೋಗುವ ಸಾಲು ಇರುತ್ತದೆ. ಬಿಸಿಲಲ್ಲಿ ನಿಂತವರ ಕಣ್ಣೆದುರೇ ಇನ್ನೊಬ್ಬರು ನೇರ ಒಳಗೆ ಹೋದರೆ ಹೊಟ್ಟೆ ಉರಿಯುತ್ತದೆ. ಆ ಸಿಟ್ಟು ಬಂದು ಬೀಳುವುದು ಬಾಗಿಲಲ್ಲಿ ನಿಂತ ನಮ್ಮ ಮೇಲೆ. ಎಷ್ಟು ಹೊತ್ತಾಗುತ್ತದೆ ಅಂತ ನಿಜ ಹೇಳಿದರೆ, ಕುಡಿಯುವ ನೀರು ಎಲ್ಲಿದೆ ಅಂತ ತೋರಿಸಿದರೆ, ಸಾಲು ನಿಧಾನವಾಗಿಯಾದರೂ ಮುಂದೆ ಸಾಗುತ್ತಿದ್ದರೆ ಜನ ಎಷ್ಟೋ ಸಮಾಧಾನವಾಗಿ ನಿಲ್ಲುತ್ತಾರೆ. ಏನೂ ಹೇಳದೆ ನಿಲ್ಲಿಸಿದರೆ ಹಿಂದಿನವರು ತಳ್ಳಲು ಶುರು ಮಾಡುತ್ತಾರೆ. ಸುತ್ತಿ ಸುತ್ತಿ ಬರುವ ಕಂಬಿಗಳನ್ನು ಹಾಕುವುದೂ ಅದಕ್ಕೇ. ತಳ್ಳಾಟದ ಬಲ ಒಂದೇ ಕಡೆ ಸೇರದ ಹಾಗೆ ಅದು ತಡೆಯುತ್ತದೆ.

ದುಡ್ಡಿನ ಮಾತು. ಹೊಸಬರನ್ನು ಹೆಚ್ಚಾಗಿ ಏಜೆನ್ಸಿ ಮೂಲಕ ತೆಗೆದುಕೊಳ್ಳುತ್ತಾರೆ. ಸೇರುವ ಮುಂಚೆ ಸಂಬಳದ ಚೀಟಿ ಕೊಡುತ್ತಾರಾ, ಪಿಎಫ್ ನಂಬರ್ ಕೊಡುತ್ತಾರಾ ಅಂತ ಕೇಳು. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳಕ್ಕೆ ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ ಇರುತ್ತದೆ. ನಿನ್ನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಕೆಲಸ ಕೊಟ್ಟವರ ಪಾಲು ಮೂರೂಕಾಲು. ದಿನವಿಡೀ ನಿಲ್ಲುವ ಕೆಲಸದಲ್ಲಿ ಆ ಕಾರ್ಡ್ ಬೇಕೇ ಬೇಕು. ನನ್ನ ಹತ್ತಿರ ಒಂದು ಏಜೆನ್ಸಿಯವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಹೋಗು ಅಂದರು. ನಾನು ಎದ್ದು ಬಂದೆ. ನೀನೂ ಜೆರಾಕ್ಸ್ ಬಿಟ್ಟು ಬೇರೇನೂ ಕೊಡಬೇಡ. ರೂಮು ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿ ಕಡೆ ನೋಡೋಣ. ಫ್ಯಾಕ್ಟರಿ ಹುಡುಗರು ಇರುವ ಜಾಗ, ಮೂರ್ನಾಲ್ಕು ಜನ ಸೇರಿದರೆ ಬಾಡಿಗೆ ಹಗುರ. ಅಡುಗೆ ನಾವೇ ಮಾಡಿಕೊಳ್ಳಬೇಕು. ಹೋಟೆಲ್ ನಂಬಿದರೆ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ.

ನೀನು ಕಳಿಸುವ ಅಮೆರಿಕದ ಒರ್ಲ್ಯಾಂಡೋ ವಿಡಿಯೋಗಳನ್ನು ನಾನೂ ನೋಡುತ್ತೇನೆ. ಕಿತ್ತಳೆ ತೋಟ, ದನದ ಹುಲ್ಲುಗಾವಲು ಇದ್ದ ಸೀಮೆಯಲ್ಲಿ 1971ರಲ್ಲಿ ಡಿಸ್ನಿ ವರ್ಲ್ಡ್ ತೆರೆದ ಮೇಲೆ ಊರೇ ಬದಲಾಯಿತು. ಅಲ್ಲೂ ಹೈಸ್ಕೂಲ್ ಮುಗಿಸಿದ ಹುಡುಗ ಹುಡುಗಿಯರು ಬೇರೆ ರಾಜ್ಯಗಳಿಂದ ಪಾರ್ಕಿನ ಕೆಲಸಕ್ಕೆ ಬರುತ್ತಾರೆ. ಅವರಿಗೂ ಬಾಡಿಗೆಯದೇ ಚಿಂತೆ. 2023ರಲ್ಲಿ ಅಲ್ಲಿನ ಕಾರ್ಮಿಕ ಸಂಘಗಳು ಹೋರಾಡಿ, ಶುರುವಿನ ಕೂಲಿಯನ್ನು ಗಂಟೆಗೆ 15 ಡಾಲರ್‌ನಿಂದ 18 ಡಾಲರ್‌ಗೆ ಏರಿಸಿಕೊಂಡವು. ಅಷ್ಟು ದೊಡ್ಡ ಕಡೆಯೂ ಕೇಳದೆ ಸಿಗಲಿಲ್ಲ ನೋಡು. ಅಬುಧಾಬಿಯ ಫೆರಾರಿ ವರ್ಲ್ಡ್ ಪಾರ್ಕಿನ ಕನಸು ಇದ್ದರೆ ಇರಲಿ, ಗಂಟೆಗೆ 240 ಕಿಲೋಮೀಟರ್ ವೇಗದ ಕೋಸ್ಟರ್ ನೋಡಲು ನನಗೂ ಆಸೆ. ಆದರೆ ಕೈಯಲ್ಲಿ ಕಸುಬು ಇಲ್ಲದೆ ಹೋಗಬೇಡ. ಹೋಗುವ ದಿನ ಬಂದಾಗ ಏಜೆಂಟ್ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದ್ದಾನಾ ಅಂತ ನೋಡಿಯೇ ಪಾಸ್‌ಪೋರ್ಟ್ ತೆಗಿ.

ಅದಕ್ಕೇ ನನ್ನ ಒತ್ತಾಯ ಏನಂದರೆ, ಒಂದು ವರ್ಷ ರೈಡಿನಲ್ಲಿ ನಿಂತು ಕೆಲಸ ನೋಡು, ಆದರೆ ಅಲ್ಲೇ ಉಳಿಯಬೇಡ. ಸೀಟಿ ಊದಿಕೊಂಡು ಐದಾರು ವರ್ಷ ಕಳೆದ ಅಣ್ಣಂದಿರು ಇಲ್ಲಿದ್ದಾರೆ. ಒಳ್ಳೆಯವರು, ಕೆಲಸದಲ್ಲಿ ಚುರುಕು. ಆದರೆ ಮೇಂಟೆನೆನ್ಸ್ ಕಡೆ ಜಾಗ ಖಾಲಿಯಾದಾಗ ಸರ್ಟಿಫಿಕೇಟ್ ಇಲ್ಲ ಅಂತ ಹೊರಗಿನವರನ್ನು ತಂದು ಹಾಕುತ್ತಾರೆ. ಅವರ ಮುಖ ನೋಡಲು ಆಗುವುದಿಲ್ಲ. ನೀನು ಸೈನ್ಸ್ ಓದಿದವನು. ಡಿಪ್ಲೊಮಾಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರಲು ದಾರಿ ಇದೆ, ವಿಚಾರಿಸು. ಇಲ್ಲವೇ ಐಟಿಐನಲ್ಲಿ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಮಾಡು. ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ ಹಾಸನದಲ್ಲೂ ಇದೆ, ಮೈಸೂರಿನಲ್ಲೂ ಇದೆ. ನಾನು ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಕಾಂ ಕಟ್ಟಿದ್ದೇನೆ, ರಾತ್ರಿ ರೂಮಿಗೆ ಬಂದು ಓದುತ್ತೇನೆ. ನನಗೆ ಲೆಕ್ಕ ಇಷ್ಟ, ಅದು ನನ್ನ ದಾರಿ. ನಿನ್ನದು ಮಷಿನ್.

ಬರುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಸ್ಎಸ್ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಯ ಜೆರಾಕ್ಸ್ ತಂದುಕೋ. 18 ತುಂಬಿದ ದಾಖಲೆ ಕೇಳೇ ಕೇಳುತ್ತಾರೆ. ಒಳ್ಳೆಯ ಶೂ ತಗೋ, ಅದರಲ್ಲಿ ಜಿಪುಣತನ ಬೇಡ, ಕಾಲಿನ ಮೇಲೇ ನಮ್ಮ ಕೆಲಸ ನಿಂತಿದೆ. ನನಗೆ ವಾರದ ರಜೆ ಮಂಗಳವಾರ. ಸೋಮವಾರ ಸಂಜೆಯೊಳಗೆ ಬಂದರೆ ಮಾರನೇ ದಿನ ರೂಮು ನೋಡಿ, ಮೇಂಟೆನೆನ್ಸ್‌ನ ಒಬ್ಬ ಅಣ್ಣನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನಿನ್ನ ಟಿಲ್ಲರ್ ಕಥೆ ಅವರಿಗೆ ಆಗಲೇ ಹೇಳಿದ್ದೇನೆ, ನೋಡಬೇಕು ಅಂದಿದ್ದಾರೆ. ಅಮ್ಮನ ಹತ್ತಿರ ಹುಚ್ಚೆಳ್ಳು ಚಟ್ನಿಪುಡಿ ಮಾಡಿಸಿಕೊಂಡು ಬಾ, ಇಬ್ಬರಿಗೂ ಸಾಕಾಗುವಷ್ಟು. ಅವರಿಗೆ ಇನ್ನೂ ಭಯ ಇದ್ದರೆ ರಾತ್ರಿ ಒಂಬತ್ತರ ಮೇಲೆ ನನಗೆ ಫೋನ್ ಮಾಡಿಸು, ನಾನೇ ಮಾತಾಡುತ್ತೇನೆ.

ಇಂತಿ,
ನಿನ್ನ ಗೆಳೆಯ