‘ಠೀಕ್ ಹೈ’ ಅಂದರೆ ನಂಬಬೇಡ

ಪ್ರೀತಿಯ ಪುಟ್ಟಿ,

ಮೈಸೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ ಸುದ್ದಿ ನಿನ್ನಮ್ಮ ಹೇಳಿದಳು. ನಿನ್ನ ವಾರ್ಡಿಗೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡಿನವರು ಜಾಸ್ತಿ ಅಂತೆ. 2003ರಲ್ಲಿ ಆ ಯೋಜನೆ ಶುರುವಾದ ಮೇಲೆ ಮಾಜಿ ಸೈನಿಕರು ಪಾಲಿಕ್ಲಿನಿಕ್ಕಿನ ಚೀಟಿ ಹಿಡಿದು ಖಾಸಗಿ ಆಸ್ಪತ್ರೆಗೂ ಬರುತ್ತಾರೆ. ಆದರೆ ಇವರನ್ನು ನೋಡಿಕೊಳ್ಳುವುದು ಹೇಗೆ ಅಂತ ನಿನಗೆ ಯಾರೂ ಕಲಿಸಿರಲಿಕ್ಕಿಲ್ಲ, ಅಲ್ವಾ? ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಕೂದಲು ನರೆಸಿಕೊಂಡವಳು ನಾನು. ಅದಕ್ಕೇ ಈ ಕಾಗದ.

ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿದರೆ ಇವರ ಉತ್ತರ ಒಂದೇ, ‘ಠೀಕ್ ಹೈ’. ಸುಮ್ನೆ ಎರಡು ಅಂತ ಬರೆದುಬಿಡಬೇಡ. ಸೇನೆಯಲ್ಲಿ ‘ಶೇಪ್-1’ ಅಂದರೆ ಪೂರ್ತಿ ಫಿಟ್. ಅದು ಕೈತಪ್ಪಿದರೆ ಬಡ್ತಿಗೆ, ಪೋಸ್ಟಿಂಗಿಗೆ ತೊಡಕು. ಇಪ್ಪತ್ತು ವರ್ಷ ಮಂಡಿನೋವು ಮುಚ್ಚಿಟ್ಟವರು ನಿವೃತ್ತಿಯಾದ ಮಾತ್ರಕ್ಕೆ ಬಾಯಿ ಬಿಡುತ್ತಾರಾ? ಮಗ್ಗುಲು ಬದಲಿಸುವಾಗ ಮುಖ ನೋಡು. ಹೆಂಡತಿಯನ್ನು ಕಾರಿಡಾರಿಗೆ ಕರೆದು ಕೇಳು. ನಿಜ ಅಲ್ಲಿ ಸಿಗುತ್ತದೆ.

ಎಲ್ಲೆಲ್ಲಿ ಇದ್ದಿರಿ ಅಂತ ಕೇಳಿ, ಆಮೇಲೆ ಸ್ವಲ್ಪ ಸುಮ್ಮನಿರು. ಸಿಯಾಚಿನ್ ಅಂದರೆ ಕಾಲ್ಚೀಲ ಬಿಚ್ಚಿಸಿ ಬೆರಳು ನೋಡು. ಹಿಮ ಕಚ್ಚಿದ ಪಾದಕ್ಕೆ ಸಕ್ಕರೆ ಕಾಯಿಲೆಯೂ ಸೇರಿದರೆ ಸಣ್ಣ ಗಾಯವೂ ಬೇಗ ಕೆಡುತ್ತದೆ. 1987ರ ನಂತರ ಶ್ರೀಲಂಕಾಕ್ಕೆ ಹೋದವರು, 1999ರ ಕಾರ್ಗಿಲ್‌ನವರು ಬಂದರೆ ಎಂಆರ್‌ಐಗೆ ಕಳಿಸುವ ಮೊದಲು ‘ಮೈಯಲ್ಲಿ ಸ್ಪ್ಲಿಂಟರ್, ಬಾಂಬಿನ ಲೋಹದ ಚೂರು ಉಳಿದಿದೆಯಾ?’ ಅಂತ ಕೇಳಲೇಬೇಕು. ಫಾರ್ಮಿನಲ್ಲಿ ಪೇಸ್‌ಮೇಕರ್‌ಗೆ ಟಿಕ್ ಮಾಡುವಷ್ಟಕ್ಕೆ ಕೆಲವರು ಬಿಟ್ಟುಬಿಡುತ್ತಾರೆ.

ಮಿಲಿಟರಿ ಕ್ಯಾಂಟೀನ್ ರಮ್ಮಿನ ಲೆಕ್ಕವನ್ನೂ ಕೇಳು, ಮುಖ ಸಿಂಡರಿಸದೆ. ದಿನಾ ಕುಡಿಯುವವರು ಅಡ್ಮಿಟ್ ಆದ ಎರಡನೇ ಮೂರನೇ ದಿನ ಕೈ ನಡುಗಿ, ಬೆವತು, ಏನೇನೋ ಬಡಬಡಿಸಿದರೆ ವಯಸ್ಸಾಯಿತು ಅಂದುಕೊಳ್ಳಬೇಡ. ಕುಡಿತ ಏಕಾಏಕಿ ನಿಂತದ್ದಕ್ಕೂ ಹಾಗಾಗುತ್ತದೆ. ತಕ್ಷಣ ಡಾಕ್ಟರಿಗೆ ಹೇಳು.

ಇನ್ನು ನನ್ನದೇ ತಪ್ಪೊಂದು. ಕೆಲಸಕ್ಕೆ ಸೇರಿದ ಹೊಸತು. ಬೆಳಗಿನ ಜಾವ ಬಿಪಿ ನೋಡಬೇಕಿತ್ತು. ಮಲಗಿದ್ದ ಹವಾಲ್ದಾರರ ಭುಜ ಹಿಡಿದು ಅಲ್ಲಾಡಿಸಿದೆ. ಕಣ್ಣು ಬಿಡುವ ಮೊದಲೇ ನನ್ನ ಮಣಿಕಟ್ಟು ತಿರುಚಿದ್ದರು. ಬಳೆ ಒಡೆದು ಹಾಸಿಗೆ ತುಂಬ ಚೂರು. ನಾನು ಅತ್ತೆ. ಆಮೇಲೆ ಅವರೂ ಅತ್ತರು, ಗೋಡೆಗೆ ಮುಖ ಮಾಡಿಕೊಂಡು. ಅವತ್ತಿನಿಂದ ಮಂಚದ ಕಾಲ ಕಡೆ ನಿಂತು, ದೀಪ ಹಾಕಿ, ‘ಸಾಬ್, ಸಿಸ್ಟರ್ ಬಂದಿದ್ದೀನಿ’ ಅಂದ ಮೇಲೇ ಮುಟ್ಟುತ್ತಿದ್ದೆ. ದೀಪಾವಳಿ ರಾತ್ರಿ ಡ್ಯೂಟಿ ಬಿದ್ದರೆ ಕಿಟಕಿ ಮುಚ್ಚಿಸು, ಪಟಾಕಿ ಅಂತ ಮೊದಲೇ ಹೇಳಿರು. ಎಲ್ಲರೂ ಹೀಗೇ ಅಂತಲ್ಲ. ಬಹಳ ಜನ ಗಡದ್ದಾಗಿ ಗೊರಕೆ ಹೊಡೆಯುತ್ತಾರೆ!

ಯುದ್ಧದ ಕಥೆ ಹೇಳಿ ಅಂತ ಮಾತ್ರ ಪೀಡಿಸಬೇಡ.

ನಮ್ಮ ಪಕ್ಕದ ತೋಟದ ಸುಬೇದಾರರು ಸೋಮವಾರ ನಿಮ್ಮಲ್ಲಿಗೇ ಮಂಡಿ ತೋರಿಸಲು ಬರುತ್ತಿದ್ದಾರೆ. ರೈಫಲ್ ಹೊಡೆದೂ ಹೊಡೆದೂ ಎಡಗಿವಿ ಮಂದ. ಕೇಳಿಸದಿದ್ದರೂ ತಲೆ ಆಡಿಸುತ್ತಾರೆ. ಬಲಗಡೆ ನಿಂತು ಮಾತಾಡು. ಅವರ ಕೈಯಲ್ಲಿ ಕಾಫಿಪುಡಿ ಕಳಿಸುತ್ತಿದ್ದೇನೆ.

ನಿನ್ನ
ದೊಡ್ಡಮ್ಮ