ಪಂಜಾಬಿ ಊಟ: ಗಾಡಿಯ ಪಾತ್ರೆಗೆ ಇಣುಕಿ ನೋಡಿ

ಮಾನ್ಯ ಸಂಪಾದಕರೇ,

ಅಮೃತಸರ, ಜಲಂಧರ, ಲೂಧಿಯಾನ ಕಡೆ ಪ್ರವಾಸ ಹೋಗುವವರಿಗೆ ಊಟದ ಜಾಗ ಸೂಚಿಸಿದ್ದ ನಿಮ್ಮ ಪುರವಣಿಯ ಬರಹ ಓದಿದೆ. ಅಲ್ಲಿದ್ದವೆಲ್ಲ ಹವಾನಿಯಂತ್ರಿತ ಹೋಟೆಲುಗಳು. ರಸ್ತೆಬದಿಯ ಗಾಡಿಗಳ ಬಗ್ಗೆ ಇದ್ದದ್ದು ಒಂದೇ ಮಾತು: ದೂರವಿರಿ. ಕೆಟ್ಟ ಗಾಡಿಯಿಂದ ದೂರವಿರಬೇಕು, ಒಪ್ಪಿದೆ. ಆದರೆ ಛೋಲೆ, ರಾಜ್ಮಾ, ಕಢಿ, ಪರಾಠ, ಹೀಗೆ ಪಂಜಾಬಿನವರು ಮನೆಯಲ್ಲಿ ತಿನ್ನುವ ಅಡುಗೆಯ ರುಚಿ ಬೇಕಿದ್ದರೆ ಹೋಟೆಲಿಗಿಂತ ಗಾಡಿಯಲ್ಲೇ ಸಿಗುವ ಸಂಭವ ಹೆಚ್ಚು. ಯಾವ ಗಾಡಿ ಎಂದು ಗುರುತಿಸಲು ಬರಬೇಕು, ಅಷ್ಟೆ.

ಕಾರಣ ಸರಳ. ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಬೆಳಗ್ಗೆ ಎರಡು ಮೂರು ಬಗೆಯ ಗ್ರೇವಿ ಮಾಡಿಟ್ಟುಕೊಳ್ಳುತ್ತಾರೆ: ಈರುಳ್ಳಿ ಟೊಮೆಟೊದ್ದೊಂದು, ಗೋಡಂಬಿಯ ಬಿಳಿಯದೊಂದು, ಬೆಣ್ಣೆ ಟೊಮೆಟೊದ ಕೆಂಪು ಮಖನಿ ಒಂದು. ಮೆನುವಿನಲ್ಲಿ ಅರವತ್ತು ಹೆಸರಿದ್ದರೂ ಬಾಣಲೆಗೆ ಬೀಳುವುದು ಇವುಗಳದ್ದೇ ಬೆರಕೆ. ಗಾಡಿಯವನಿಗೆ ಅಷ್ಟು ಪಾತ್ರೆ ಇಡಲು ಜಾಗವಿಲ್ಲ. ಪಂಜಾಬಿನವರು ‘ಛೋಟಾ ಹಾಥಿ’ ಎನ್ನುವ ಟಾಟಾ ಏಸ್‌ನ ಹಿಂಬದಿಯಲ್ಲಿ ಎರಡು ಒಲೆ, ಎರಡು ದೊಡ್ಡ ಪತೀಲಾ (ಅಡುಗೆಯ ಪಾತ್ರೆ), ಒಂದು ಕಾವಲಿ, ಒಂದು ನೀರಿನ ಟ್ಯಾಂಕು ಇಟ್ಟರೆ ಮುಗಿಯಿತು. ಹಾಗಾಗಿ ಒಳ್ಳೆಯ ಗಾಡಿಯವನು ಎರಡು ಮೂರು ಅಡುಗೆಗೇ ನಿಲ್ಲುತ್ತಾನೆ. ಅದೇ ಗಾಡಿಯ ಮೇಲೆ ಚೈನೀಸ್, ಮೊಮೊ, ಶಾಹಿ ಪನೀರ್ ಎಂದು ನಲವತ್ತು ಹೆಸರು ಕಂಡರೆ ಮುಂದೆ ನಡೆಯಿರಿ. ಎಲ್ಲವೂ ಪ್ಯಾಕೆಟ್ಟಿನಿಂದ ಬಂದದ್ದೇ.

ಮೊದಲು ನೋಡಬೇಕಾದ್ದು ಛೋಲೆ. ಕಾಬೂಲಿ ಕಡಲೆಯನ್ನು ಮೂರು ಪಟ್ಟು ನೀರಿನಲ್ಲಿ ಹತ್ತು ಹನ್ನೆರಡು ಗಂಟೆ ನೆನೆಸಿ, ಒಣ ನೆಲ್ಲಿಕಾಯಿಯ ಚೂರು, ಬಟ್ಟೆಯಲ್ಲಿ ಕಟ್ಟಿದ ಚಹಾಪುಡಿ, ಕಪ್ಪು ಏಲಕ್ಕಿ, ಚಕ್ಕೆ, ಪಲಾವ್ ಎಲೆ ಹಾಕಿ ಬೇಯಿಸುತ್ತಾರೆ. ಆ ಕಡು ಬಣ್ಣ ಚಹಾ ಮತ್ತು ನೆಲ್ಲಿಯದು, ಅದು ಕಾಳಿಗೇ ಹತ್ತಿರಬೇಕು. ಕಾಳು ಬೆಳ್ಳಗಿದ್ದು ರಸ ಮಾತ್ರ ಕಪ್ಪಾಗಿದ್ದರೆ ಕಡಲೆ ಬೇರೆ, ಮಸಾಲೆ ಬೇರೆ ಮಾಡಿ ಕೊನೆಗೆ ಕೂಡಿಸಿದ್ದೆಂದು ತಿಳಿಯಿರಿ. ರಾವಲ್ಪಿಂಡಿಯ ಹೆಸರು ಹೊತ್ತ ಪಿಂಡಿ ಛೋಲೆಗೆ ಟೊಮೆಟೊ ಹಾಕುವುದಿಲ್ಲ. ಹುಳಿ ಬರುವುದು ದಾಳಿಂಬೆಯ ಒಣಬೀಜದ ಪುಡಿ ಅನಾರ್‌ದಾನಾ ಮತ್ತು ಒಣ ಮಾವಿನಕಾಯಿಯ ಪುಡಿ ಆಮ್‌ಚೂರ್‌ನಿಂದ. ಅದು ಸಾರಿನಂತೆ ಹರಿಯುವುದಿಲ್ಲ, ಕಾಳಿಗೆ ಮಸಾಲೆ ಅಂಟಿಕೊಂಡಿರುತ್ತದೆ.

ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಸಿಪ್ಪೆ ಕಳಚದೆ ಒಳಗೆ ಬೆಣ್ಣೆಯಂತೆ ಮೆತ್ತಗಾದರೆ ಸರಿ. ಮರಳು ಮರಳಾಗಿ ಒಡೆದರೆ ಕಡಲೆ ಬೆಂದಿಲ್ಲ, ಆಮೇಲೆ ಎಷ್ಟು ಕುದಿಸಿದರೂ ಅಷ್ಟೇ. ಇದಕ್ಕೆ ಮೂರು ಕಾರಣ. ಕಡಲೆ ಹಳೆಯದಾಗಿ ಬೇಯುವ ಗುಣ ಕಳೆದುಕೊಂಡಿರಬಹುದು. ಇಲ್ಲವೇ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಂಶ ಕಾಳನ್ನು ಬಿಗಿ ಹಿಡಿದಿರುತ್ತದೆ. ಇವೆರಡೂ ಅಲ್ಲದಿದ್ದರೆ, ಕಾಳು ಬೇಯುವ ಮೊದಲೇ ಅನಾರ್‌ದಾನಾ, ಆಮ್‌ಚೂರ್‌ನ ಹುಳಿ ಹಾಕಿದ್ದಾರೆ. ಗಡಸು ನೀರಿಗೆ ಮದ್ದೆಂದು ಚಿಟಿಕೆ ಅಡುಗೆ ಸೋಡಾ ಹಾಕುವುದುಂಟು. ಕಿಲೋ ಕಡಲೆಗೆ ಒಂದು ಟೀ ಚಮಚ ದಾಟಿತೆಂದರೆ ಸಿಪ್ಪೆ ಕಿತ್ತುಬಂದು ರಸದ ಮೇಲೆ ತೇಲುತ್ತದೆ, ಬಾಯಿಗೆ ಸಾಬೂನಿನ ರುಚಿ ಬರುತ್ತದೆ. ಪತೀಲಾದ ಅಂಚಿನಲ್ಲಿ ಸಿಪ್ಪೆಯ ರಾಶಿ ಕಂಡರೆ ಅಲ್ಲಿ ತಿನ್ನಬೇಡಿ.

ಛೋಲೆಯ ಜೊತೆ ಕೊಡುವ ಮೈದಾದ ಉಬ್ಬಿದ ಪೂರಿ ಭಟೂರೆಯ ವಿಷಯ ಬೇರೆ, ಇಲ್ಲಿ ನೋಡಬೇಕಾದ್ದು ಎಣ್ಣೆಯನ್ನು. ಅರ್ಧ ಕಿಲೋ ಮೈದಾಕ್ಕೆ ಸುಮಾರು ಐವತ್ತು ಗ್ರಾಂ ಸಣ್ಣ ರವೆ, ನೂರು ನೂರಿಪ್ಪತ್ತು ಗ್ರಾಂ ಮೊಸರು, ಉಪ್ಪು, ಸ್ವಲ್ಪ ಸಕ್ಕರೆ, ಚಿಟಿಕೆ ಸೋಡಾ ಸೇರಿಸಿ ಕಲಸಿ ಎರಡು ಮೂರು ಗಂಟೆ ಒದ್ದೆ ಬಟ್ಟೆ ಮುಚ್ಚಿಡುತ್ತಾರೆ. ಎಣ್ಣೆ 180ರಿಂದ 190 ಡಿಗ್ರಿ ಸೆಲ್ಸಿಯಸ್ ಇರಬೇಕು. ಗಾಡಿಯವರ ಬಳಿ ತಾಪಮಾಪಕ ಇರುವುದಿಲ್ಲ, ಅಕ್ಕಿಕಾಳಿನಷ್ಟು ಹಿಟ್ಟು ಚಿವುಟಿ ಎಣ್ಣೆಗೆ ಹಾಕುತ್ತಾರೆ. ಅದು ತಳ ಮುಟ್ಟಿ ಅಲ್ಲೇ ಕೂರದೆ ತಕ್ಷಣ ಮೇಲೇಳಬೇಕು. ಗಾಡಿಯ ದೊಡ್ಡ ತೊಂದರೆಯೆಂದರೆ ಬಾಣಲೆ ಚಿಕ್ಕದು, ಎಣ್ಣೆ ಕಡಿಮೆ. ಎರಡು ಭಟೂರೆ ಬಿದ್ದೊಡನೆ ಕಾವು ಇಳಿಯುತ್ತದೆ. ಸಾಲದ್ದಕ್ಕೆ ಹೆದ್ದಾರಿಯ ಗಾಳಿಗೆ ಒಲೆಯ ಉರಿ ವಾಲುತ್ತದೆ. ಮುಂದೆ ಹತ್ತು ಜನ ಅವಸರ ಮಾಡುತ್ತಿದ್ದರೂ ಎಣ್ಣೆ ಮತ್ತೆ ಕಾಯುವವರೆಗೆ ಕೈಕಟ್ಟಿ ನಿಲ್ಲುವವನೇ ಕಸುಬು ಬಲ್ಲವನು. ಒಲೆಗೆ ತಗಡಿನ ಮರೆ ಕಟ್ಟಿದ್ದರಂತೂ ಇನ್ನೂ ಒಳ್ಳೆಯದು. ಕಾವು ಸಾಲದೆ ಕರಿದ ಭಟೂರೆ ಉಬ್ಬದೆ ಎಣ್ಣೆ ಕುಡಿಯುತ್ತದೆ. ಹರಿದು ನೋಡಿ, ಒಳಪದರ ಒದ್ದೆ ಹೊಳಪಿದ್ದರೆ ಅದೇ ಕಾರಣ.

ಹಿಟ್ಟು ಏನೂ ಹಾಕದೆಯೇ ಎಣ್ಣೆಯಿಂದ ಹೊಗೆ ಎದ್ದರೆ, ಕರಿದು ತೆಗೆದ ಮೇಲೂ ನೊರೆ ತಣಿಯದಿದ್ದರೆ, ಬಾಣಲೆಯ ಅಂಚು ಅಂಟಂಟಾಗಿದ್ದರೆ ಆ ಎಣ್ಣೆಯ ಆಯುಷ್ಯ ಮುಗಿದಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮದಂತೆ ಕರಿದ ಎಣ್ಣೆಯಲ್ಲಿ ‘ಟೋಟಲ್ ಪೋಲಾರ್ ಕಾಂಪೌಂಡ್’, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇ. 25 ಮೀರುವಂತಿಲ್ಲ, 2018ರ ಜುಲೈನಿಂದ ಇದು ಜಾರಿಯಲ್ಲಿದೆ. ಗ್ರಾಹಕರಿಗೆ ಅದನ್ನು ಅಳೆಯುವ ದಾರಿಯಿಲ್ಲ, ನೊರೆಯನ್ನೇ ನಂಬಬೇಕು. ಪಂಜಾಬಿನ ಮೇ, ಜೂನ್ ಬಿಸಿಲಿಗೆ ಹಿಟ್ಟು ಬೇಗ ಹುಳಿತು ಹೋಗುತ್ತದೆ, ಲಟ್ಟಿಸುವಾಗಲೇ ಹರಿಯುತ್ತದೆ. ಆ ತಿಂಗಳುಗಳಲ್ಲಿ ಭಟೂರೆ ತಿನ್ನುವುದಾದರೆ ಬೆಳಗ್ಗೆಯೇ ತಿನ್ನಿ.

ಕುಲ್ಚಾ ಎಂಬ ರೊಟ್ಟಿಯ ವಿಷಯದಲ್ಲಿ ನಿಮ್ಮ ಬರಹ ಎರಡು ತಿನಿಸುಗಳನ್ನು ಒಂದೇ ಮಾಡಿಬಿಟ್ಟಿದೆ. ದೆಹಲಿಯ ಮಟರ್ ಕುಲ್ಚಾ ಎಂದರೆ ಮೊದಲೇ ಮಾಡಿಟ್ಟ ಮೆತ್ತನೆಯ ಕುಲ್ಚಾವನ್ನು ಕಾವಲಿಯಲ್ಲಿ ಬಿಸಿ ಮಾಡಿ, ಬೇಯಿಸಿದ ಒಣ ಬಟಾಣಿಯ ಜೊತೆ ಕೊಡುವುದು. ಅಮೃತಸರಿ ಕುಲ್ಚಾ ಹಾಗಲ್ಲ. ಕಣಕಕ್ಕೆ ತುಪ್ಪ ಸವರಿ ಪದರ ಮಡಿಸಿ, ಆಲೂಗಡ್ಡೆ, ಈರುಳ್ಳಿ, ಜಜ್ಜಿದ ಕೊತ್ತಂಬರಿ ಬೀಜ, ಅನಾರ್‌ದಾನಾ ತುಂಬಿ ತಂದೂರಿನ ಗೋಡೆಗೆ ಬಡಿಯುತ್ತಾರೆ. ತೆಗೆದ ಮೇಲೆ ಬೆಣ್ಣೆ ಹಾಕಿ ಎರಡೂ ಅಂಗೈಯಲ್ಲಿ ಹಿಸುಕಿದಾಗ ಪದರಗಳು ಗರಿಗರಿಯಾಗಿ ಒಡೆಯಬೇಕು. ಬಟ್ಟೆಯಂತೆ ಮಡಚಿಕೊಂಡರೆ ತಂದೂರು ಕಾದಿರಲಿಲ್ಲ. ಮಣ್ಣಿನ ತಂದೂರು ಸರಿಯಾಗಿ ಕಾಯಲು ಒಂದು ಗಂಟೆಯಾದರೂ ಬೇಕು, ಓಡಾಡುವ ಗಾಡಿಯ ಕುಲುಕಾಟಕ್ಕೆ ಅದು ಬಿರುಕೂ ಬಿಡುತ್ತದೆ. ಆದ್ದರಿಂದ ಗಾಡಿ ದಿನಾ ಒಂದೇ ಜಾಗದಲ್ಲಿ ನಿಂತು, ಪಕ್ಕದಲ್ಲಿ ನೆಲದ ಮೇಲೆ ಡ್ರಮ್ಮಿನ ತಂದೂರು ಉರಿಯುತ್ತಿದ್ದರೆ ಮಾತ್ರ ಅಮೃತಸರಿ ಕುಲ್ಚಾ ಕೇಳಿ. ಜೊತೆಗೆ ಈರುಳ್ಳಿ ಹಾಕಿದ ಹುಣಸೆ ಚಟ್ನಿ ಕೊಡುತ್ತಾರೆ. ತಟ್ಟೆಯಲ್ಲಿ ಛೋಲೆ ಮುಗಿದರೆ ಸಂಕೋಚ ಬೇಡ, ಕೇಳಿದರೆ ಸಾಮಾನ್ಯವಾಗಿ ಇನ್ನೊಂದು ಸೌಟು ಹಾಕುತ್ತಾರೆ.

ರಾಜ್ಮಾ ಬಗ್ಗೆ ಒಂದೇ ಎಚ್ಚರಿಕೆ, ಆದರೆ ಗಂಭೀರವಾದದ್ದು. ಹಸಿ ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷಾಂಶವಿದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ, ಇನ್ನೂ ಕ್ಷೇಮಕ್ಕೆ ಅರ್ಧ ಗಂಟೆ, ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. ಸಣ್ಣ ಉರಿಯಲ್ಲಿ ಅರೆಬರೆ ಬೆಂದದ್ದು ತಿಂದರೆ ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ. ಒಂದು ಕಾಳು ಗಟ್ಟಿ ಸಿಕ್ಕರೂ ತಟ್ಟೆ ಹಿಂದಿರುಗಿಸಿ, ಮುಲಾಜು ಬೇಡ. ಚೆನ್ನಾಗಿ ಮಾಡಿದ ರಾಜ್ಮಾದ ರಸ ಮಂದವಾಗುವುದು ಒಡೆದ ಕಾಳಿನಿಂದಲೇ, ಕೆನೆಯಿಂದಲ್ಲ.

ಕಢಿ ಕಾಯುವ ತಾಳ್ಮೆ ಇದ್ದವರ ಅಡುಗೆ. ಒಂದು ಬಟ್ಟಲು ಹುಳಿ ಮೊಸರಿಗೆ ಮೂರು ನಾಲ್ಕು ದೊಡ್ಡ ಚಮಚ ಕಡಲೆಹಿಟ್ಟು, ನಾಲ್ಕು ಬಟ್ಟಲು ನೀರು. ಮೊದಲ ಕುದಿ ಬರುವವರೆಗೆ ಕೈ ಬಿಡದೆ ತಿರುವಬೇಕು, ಇಲ್ಲವೇ ಮೊಸರು ಒಡೆಯುತ್ತದೆ. ಆಮೇಲೆ ಮುಕ್ಕಾಲು ಗಂಟೆ ಸಣ್ಣ ಉರಿ. ಗಾಡಿಯವರು ಗ್ಯಾಸು ಉಳಿಸಲು ಹೋಗಿ ಎಡವುವುದು ಇಲ್ಲೇ. ಹಸಿ ಕಡಲೆಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ಅರ್ಧಕ್ಕೇ ಇಳಿಸಿದ್ದಾರೆ. ಪಂಜಾಬಿ ಕಢಿ ಹುಳಿ, ಸಿಹಿಯಲ್ಲ. ಅದರಲ್ಲಿ ಹಾಕುವ ಪಕೋಡಾ ಒಳಗೆ ಸ್ಪಂಜಿನಂತೆ ರಸ ಹೀರಿರಬೇಕು.

ಪರಾಠದಲ್ಲಿ ಕೆಡುವುದು ಹೂರಣ. ಮೂಲಂಗಿ, ಹೂಕೋಸಿಗೆ ಉಪ್ಪು ಬಿದ್ದೊಡನೆ ನೀರು ಬಿಡುತ್ತದೆ. ತುರಿದು, ಹಿಂಡಿ, ತುಂಬುವ ಗಳಿಗೆಯಲ್ಲಿ ಉಪ್ಪು ಬೆರೆಸುವವನ ಪರಾಠ ಒಡೆಯುವುದಿಲ್ಲ. ಬೆಳಗ್ಗೆಯೇ ಉಪ್ಪು ಹಾಕಿಟ್ಟವನು ಒದ್ದೆ ಹೂರಣ ಮುಚ್ಚಲು ಕಣಕ ದಪ್ಪ ಮಾಡುತ್ತಾನೆ, ನಮಗೆ ಸಿಗುವುದು ಬರೀ ಹಿಟ್ಟು.

ಇನ್ನು ಗಾಡಿಯಲ್ಲಿ ಕೇಳಬಾರದ್ದು. ದಾಲ್ ಮಖನಿ, ಬಟರ್ ಚಿಕನ್ ಎರಡೂ ಟೊಮೆಟೊ, ಕೆನೆಯ ಹೋಟೆಲ್ ರೂಪದಲ್ಲಿ ಹೆಸರಾದದ್ದು ದೇಶ ವಿಭಜನೆಯ ನಂತರ, ಪೇಶಾವರದಿಂದ ಬಂದವರು ದೆಹಲಿಯ ದರಿಯಾಗಂಜ್‌ನಲ್ಲಿ ನಡೆಸಿದ ಮೋತಿ ಮಹಲ್‌ನಿಂದ. (ಮೊದಲು ಮಾಡಿದ್ದು ಯಾರು ಎಂಬ ಜಗಳ 2024ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ.) ಹಳ್ಳಿಯ ‘ಮಾಹ್ ದೀ ದಾಲ್’ ಎಂದರೆ ಇಡೀ ಕರಿ ಉದ್ದನ್ನು ಗಂಟೆಗಟ್ಟಲೆ ಕುದಿಸಿ, ಶುಂಠಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟದ್ದು. ಗಾಡಿಯಲ್ಲಿ ಅದು ಸಿಕ್ಕರೆ ಭಾಗ್ಯ. ಮೇಲೆ ಕೆನೆ ತೇಲಿಸಿ, ಕೆಳಗೆ ನೀರು ಬೇರೆ ಬೇಳೆ ಬೇರೆ ಆಗಿದ್ದರೆ ಕುಕ್ಕರಿನಲ್ಲಿ ಅವಸರಕ್ಕೆ ಮಾಡಿದ್ದು. ಸರಸೋಂ ದಾ ಸಾಗ್ ನವೆಂಬರಿನಿಂದ ಫೆಬ್ರವರಿವರೆಗಿನ ಮಾತು: ಸಾಸಿವೆ ಸೊಪ್ಪು, ಪಾಲಕ್, ನಮ್ಮ ಚಕ್ಕೋತ ಸೊಪ್ಪಿನ ಬಳಗದ ಬಥುವಾ ಎಲ್ಲ ತಾಜಾ ಬರುವ ಚಳಿಗಾಲ. ಮೇ ತಿಂಗಳಲ್ಲಿ ಸಾಗ್ ಎಂದು ಕೊಡುವುದು ಡಬ್ಬಿಯದು, ಇಲ್ಲವೇ ಬರೀ ಪಾಲಕ್.

ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಅಡುಗೆಯಲ್ಲ, ಅದರ ಪಕ್ಕದಲ್ಲಿರುವುದು. ಹೆಚ್ಚಿಟ್ಟ ಈರುಳ್ಳಿ, ತೆರೆದಿಟ್ಟ ಹಸಿರು ಚಟ್ನಿ, ಲಸ್ಸಿಗೆ ಹಾಕುವ ಐಸು. ನಿಮ್ಮೆದುರೇ ಹೆಚ್ಚಿದ ಈರುಳ್ಳಿ ತಿನ್ನಿ, ಐಸು ಬೇಡ ಎನ್ನಿ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪತೀಲಾದ ಮುಚ್ಚಳ ತೆಗೆದಾಗ ಮುಖಕ್ಕೆ ಹಬೆ ಹೊಡೆದರೆ ಸಾಕು. ಅನ್ನಕ್ಕೆ ಇದು ಇನ್ನೂ ಮುಖ್ಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ, ಆರಿದ ಅನ್ನದಲ್ಲಿ ಅದು ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗಿನ ಅನ್ನವನ್ನು ಸಂಜೆ ಜೀರಾ ರೈಸ್ ಮಾಡಿ ಕೊಟ್ಟರೆ ಬೇಡವೆನ್ನಿ.

ಹೋಗುವ ಹೊತ್ತು ಹನ್ನೊಂದೂವರೆಯಿಂದ ಒಂದೂವರೆ. ಎರಡು ಪತೀಲಾ ಖಾಲಿಯಾದೊಡನೆ ಗಾಡಿ ಎತ್ತುವವನು ಒಳ್ಳೆಯವನು. ಸಂಜೆ ನಾಲ್ಕು ಗಂಟೆಗೂ ಪತೀಲಾ ತುಂಬಿದ್ದರೆ ಅನುಮಾನಪಡಿ. “ಪಾಜೀ, ಹುಣೇ ಕೀ ಬಣಿಯಾ ಹೈ?” ಎಂದು ಕೇಳಿ, ಅಂದರೆ ಅಣ್ಣಾ, ಈಗಷ್ಟೇ ಏನು ಮಾಡಿದ್ದೀ ಎಂದು. ಬೋರ್ಡಿನಲ್ಲಿ ಏನೇ ಬರೆದಿರಲಿ, ಅವನು ತೋರಿಸಿದ್ದನ್ನು ತಿನ್ನಿ. ಗಾಡಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕು.

ಮುಂದಿನ ಸಲ ಇಂಥ ಪಟ್ಟಿ ಪ್ರಕಟಿಸುವಾಗ ಪ್ರತಿ ಜಾಗದ ಹೆಸರಿನ ಮುಂದೆ ಅಲ್ಲಿ ಸಿಗುವ ಅಡುಗೆ, ಅದರ ಕಾಲ, ಪಾತ್ರೆ ಖಾಲಿಯಾಗುವ ಹೊತ್ತು ಈ ಮೂರನ್ನೂ ಸೇರಿಸಬೇಕೆಂದು ವಿನಂತಿ.

ಇತಿ,
ತಮ್ಮ ಓದುಗ