ಬಾಲಣ್ಣ ಬರೀ ಕಾಮಿಡಿಯಾ?

ಪ್ರಿಯ ಮಂಜು,

ಬಾಲಣ್ಣ ಅಂದ್ರೆ ಬರೀ ಕಾಮಿಡಿ ಅಂದೆಯಲ್ಲ, ಅವತ್ತಿಂದ ತಲೇಲಿ ಕೊರೀತಾ ಇದೆ. ಜಗಳಕ್ಕೇ ಬರೀತಿದೀನಿ ಅಂದ್ಕೋ.

ಬಾಲಣ್ಣ, ಅಂದ್ರೆ ನಟ ಟಿ.ಎನ್. ಬಾಲಕೃಷ್ಣ, ಅರಸೀಕೆರೆಯವರು. ಕಂಪನಿ ನಾಟಕದಲ್ಲಿ ಪಳಗಿದ ಆಸಾಮಿ. 1943ರ ‘ರಾಧಾರಮಣ’ದಿಂದ ಶುರುಮಾಡಿ 500ಕ್ಕೂ ಹೆಚ್ಚು ಚಿತ್ರ ಮಾಡಿದ್ರು. ಚಿಕ್ಕಂದಿನಿಂದಲೇ ಕಿವಿ ಮಂದ. ಇದನ್ನ ಹೇಳಿದ ಕೂಡ್ಲೇ ಜನ ‘ಅಯ್ಯೋ ಪಾಪ’ ಅಂತಾರೆ, ನಂಗದು ಹಿಡಿಸೋಲ್ಲ. ನಗಿಸೋ ಮಾತು ಎದುರಿನವನ ಮಾತು ಮುಗಿಯೋ ಹೊತ್ತಿಗೆ ಸರಿಯಾಗಿ ಬೀಳಬೇಕು. ಚೂರು ಆಚೀಚೆ ಆದ್ರೂ ಯಾರೂ ನಗೋಲ್ಲ. ಈ ಮನುಷ್ಯ ಎದುರಿನವರ ಮಾತನ್ನೂ ಬಾಯಿಪಾಠ ಮಾಡ್ಕೊಂಡು, ಅವರ ತುಟಿ ನೋಡ್ತಾ ತನ್ನ ಮಾತು ಎತ್ತುತ್ತಿದ್ರಂತೆ! ಅದಕ್ಕೇ ಇರಬೇಕು, ಬೇರೆಯವರು ಮಾತಾಡುವಾಗ ಬಾಲಣ್ಣ ಸುಮ್ಮನೆ ನಿಂತಿರೋದಿಲ್ಲ. ಕಣ್ಣು ಮಾತಾಡೋರ ಮುಖ ಬಿಟ್ಟು ಕದಲೋದಿಲ್ಲ, ಮಾತಿಗಿಂತ ಮೊದಲೇ ಹುಬ್ಬು ಏಳುತ್ತೆ. ಕುತಂತ್ರಿಯ ಪಾತ್ರ ಕೊಟ್ರೆ ಅದೇ ನೋಟ ಹೊಂಚುಹಾಕುತ್ತೆ. ‘ಬಂಗಾರದ ಮನುಷ್ಯ’ದ ರಾಚೂಟಪ್ಪನಾದಾಗ ಅದೇ ನೋಟದಲ್ಲಿ ರಾಜೀವನ ಮೇಲಿನ ಅಕ್ಕರೆ. ಇನ್ನೊಂದ್ಸಲ ಹಾಕ್ಕೊಂಡು ನೋಡು. ಮಾತಾಡೋರನ್ನ ಬಿಟ್ಟು ಇವರನ್ನೇ ನೋಡು.

ಕರೆದಾಗ ಬಂದು ಬಣ್ಣ ಹಚ್ಕೊಂಡು ಹೋದವರೂ ಅಲ್ಲ. ಕನ್ನಡ ಚಿತ್ರಗಳೇ ಕಮ್ಮಿಯಾಗಿ ಕೆಲಸ ಇಲ್ದಿದ್ದ ಕಾಲದಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಊರೂರು ಸುತ್ತಿ ನಾಟಕ ಆಡಿದ್ರು. ಆ ನಾಲ್ವರೇ ಸೇರಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದಿದ್ದು.

ಆಮೇಲೆ ಬಾಲಣ್ಣ ಕಟ್ಟೋಕೆ ಹೊರಟಿದ್ದು ಅಭಿಮಾನ್ ಸ್ಟುಡಿಯೋ. ಶೂಟಿಂಗ್ ಅಂದ್ರೆ ಮದರಾಸಿಗೆ ಓಡಬೇಕಿದ್ದ ದಿನಗಳು ಅವು. ಸರ್ಕಾರ ಕೊಟ್ಟ ಜಾಗ, ಬೆಂಗಳೂರಿನ ಕೆಂಗೇರಿ ಹತ್ರ, 20 ಎಕರೆ. ದುಡಿದದ್ದನ್ನೆಲ್ಲ ಅಲ್ಲಿಗೇ ಸುರಿದ್ರು, ಸಾಲಾನೂ ಮಾಡ್ಕೊಂಡ್ರು. ಸ್ಟುಡಿಯೋ ಮಾತ್ರ ಅವರಂದುಕೊಂಡ ಹಾಗೆ ಏಳಲೇ ಇಲ್ಲ. 1995ರಲ್ಲಿ ಬಾಲಣ್ಣ ಹೋದ್ರು. 2009ರಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ಅಲ್ಲೇ ನಡೀತಲ್ಲ, ಈಗ ಆ ಜಾಗದ ಹೆಸರು ಪೇಪರಲ್ಲಿ ಬಂದ್ರೆ ಹೆಚ್ಚುಕಮ್ಮಿ ಸ್ಮಾರಕದ ಜಗಳಕ್ಕೇ. ಕಟ್ಟಿದವರ ಬಗ್ಗೆ ಒಂದು ಸಾಲಿದ್ರೆ ದೊಡ್ಡದು, ಅದೂ ‘ಹಾಸ್ಯನಟ’ ಅಂತ. ನನ್ನ ಸಿಟ್ಟು ಅಸಲು ಅದರ ಮೇಲೆ ಮಾರಾಯ.

ಇಂತಿ,
ನಿನ್ನ ಗೆಳೆಯ